ಅಂಗಡಿಯಮ್ಮನ ಹೆಸರಿಗೆ ಒಂದು ಪಾರ್ಸೆಲ್

ಫೆಬ್ರವರಿ ೩

ಅತ್ತೆಯವರಿಗೆ,

ಕ್ಷೇಮವೇ ಎಂದು ಕೇಳಲು ಕೈ ಏಳಲಿಲ್ಲ, ಬಿಟ್ಟಿದ್ದೇನೆ. ನಿಮ್ಮ ಮಗ ನನ್ನ ನಂಬರನ್ನು ಬ್ಲಾಕ್ ಮಾಡಿದ್ದಾರೆ. ನಿಮ್ಮ ಫೋನಿನಲ್ಲೂ ಅವರೇ ಮಾಡಿರಬೇಕು. ಅಂಗಡಿಯ ಫೋನಿಗೆ ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತಾರೆ. ಹೀಗಾಗಿ ಕಾಗದ. ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ. ಅಂಗಡಿಯ ಲೈಸೆನ್ಸ್ ನಿಮ್ಮ ಹೆಸರಿನಲ್ಲಿದೆಯಾದ್ದರಿಂದ ಇದಕ್ಕೆ ಸಹಿ ಹಾಕಬೇಕಾದವರೂ ನೀವೇ.

ಫಾರ್ಮಸಿ ಕೌನ್ಸಿಲ್ ನನ್ನ ಮೇಲೆ ಹೇರಿದ್ದ ಅಮಾನತು ಮುಗಿಯಿತು. ನಾನೀಗ ಮತ್ತೆ ಫಾರ್ಮಸಿಸ್ಟ್. ಆನ್‌ಲೈನ್ ಔಷಧಿ ಅಂಗಡಿ ತೆರೆಯಬೇಕೆಂದಿದ್ದೇನೆ. ಜನ ಡಾಕ್ಟರ ಚೀಟಿಯ ಫೋಟೊ ಕಳಿಸುತ್ತಾರೆ. ನಾನು ನೋಡಿ, ಅನುಮಾನವಿದ್ದರೆ ಡಾಕ್ಟರಿಗೇ ಫೋನ್ ಮಾಡಿ ಕೇಳಿ, ಮಾತ್ರೆ ಕಟ್ಟಿ ಮನೆಗೆ ಕಳಿಸುತ್ತೇನೆ. ಅರ್ಜಿ ತುಂಬಲು ಕೂತರೆ ಔಷಧ ಇಲಾಖೆಯ ವೆಬ್‌ಸೈಟು ನನ್ನ ರಿಜಿಸ್ಟ್ರೇಷನ್ ನಂಬರನ್ನೇ ಒಪ್ಪಲಿಲ್ಲ. ಈ ಫಾರ್ಮಸಿಸ್ಟ್ ಈಗಾಗಲೇ ಬೇರೊಂದು ಅಂಗಡಿಯ ಹೊಣೆ ಹೊತ್ತಿದ್ದಾರೆ ಎಂದಿತು. ಯಾವ ಅಂಗಡಿ ಎಂದು ನೋಡಿದೆ. ನಿಮ್ಮದು.

ಮನೆಯಿಂದ ಹೊರಗೆ ಹಾಕಿದಿರಿ. ಮದುವೆ ಮುರಿದ ಕಾಗದಕ್ಕೆ ನಿಮ್ಮ ಮಗ ಬಾಲ್‌ಪೆನ್ನನ್ನು ಒದರಿ ಒದರಿ ಸಹಿ ಹಾಕಿದರು. ನನ್ನ ಬಟ್ಟೆಯನ್ನು ಔಷಧಿ ಕಂಪನಿಯ ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿ ಆಟೋಗೆ ಏರಿಸಿದಿರಿ. ಆದರೆ ನನ್ನ ಹೆಸರನ್ನು ಮಾತ್ರ ಇಟ್ಟುಕೊಂಡಿರಿ. ಫಾರ್ಮಸಿಸ್ಟ್ ಇಲ್ಲದೆ ಅಂಗಡಿ ನಡೆಯುವುದಿಲ್ಲ, ನಿಮ್ಮ ಮಗ ಅದನ್ನು ಓದಿಲ್ಲ, ಅದಕ್ಕೆ.

ನಿಮಗೆ ಮರೆತಿರಲಾರದು, ಆದರೂ ಬರೆಯುತ್ತೇನೆ. ಎದುರು ಸಾಲಿನ ದರ್ಜಿಗೆ ಡಾಕ್ಟರು ಬರೆದದ್ದು ರಕ್ತ ತೆಳುವಾಗಿಸುವ ಮಾತ್ರೆ, ಒಂದು ಮಿಲಿಗ್ರಾಂ, ಒಂದರದ್ದು. ಅವರ ಕೈಗೆ ಹೋದದ್ದು ಐದರದ್ದು. ತಲೆಯೊಳಗೆ ರಕ್ತ ಸೋರಿತು, ಬದುಕಿದರು, ಬಲಗೈ ಸ್ವಾಧೀನ ಹೋಯಿತು. ಆ ಸಂಜೆ ನಾನು ಮಹಡಿಯ ಮೇಲೆ ಜ್ವರದಲ್ಲಿ ಮಲಗಿದ್ದೆ. ಕೌಂಟರಿನಲ್ಲಿ ಇದ್ದವರು ನಿಮ್ಮ ಮಗ. ಗಲ್ಲಾ ಪಕ್ಕದ ಸ್ಟೂಲಿನ ಮೇಲೆ ನೀವು. ವಿಚಾರಣೆಯಲ್ಲಿ ಅವರು ‘ಕೊಟ್ಟವಳು ಇವಳೇ’ ಅಂದರು. ನಿಮ್ಮನ್ನು ಕೇಳಿದಾಗ ನೀವು, ‘ನನ್ನ ಕಣ್ಣು ಮಂಜು ಸ್ವಾಮಿ, ಯಾರು ಕೊಟ್ಟರೋ ಕಾಣಲಿಲ್ಲ’ ಅಂದಿರಿ. ಹರಿದು ಅಂಟಿಸಿದ ನೋಟನ್ನು ರಸ್ತೆಯ ಆಚೆಯಿಂದ ಗುರುತಿಸುವ ಕಣ್ಣು ನಿಮ್ಮದು.

ಜೊತೆಯಲ್ಲಿರುವ ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಕಳಿಸಿ. ಗೋಡೆಯ ಮೇಲಿನ ನನ್ನ ಸರ್ಟಿಫಿಕೇಟನ್ನೂ.

ಮುಚ್ಚುಮರೆ ಬೇಡ. ನಾನು ಈ ಕೆಲಸ ಶುರು ಮಾಡುತ್ತಿರುವುದು ಹೊಟ್ಟೆಪಾಡಿಗೆ ಮಾತ್ರವಲ್ಲ. ನಿಮ್ಮ ಅಂಗಡಿಯ ಬಾಗಿಲು ಹಾಕಿಸುವುದಕ್ಕೆ.

ಒಂದು ಕಾಲದ ಸೊಸೆ

*

ಫೆಬ್ರವರಿ ೧೯

ನಮ್ಮ ಮನೆಯಲ್ಲಿದ್ದವಳಿಗೆ,

ನಿನ್ನ ಕಾಗದ ಬಂತು. ಪೋಸ್ಟಿನವನು ಅಂಗಡಿಯ ಮುಂದೆ ನಿಂತು ‘ಅಂಗಡಿಯಮ್ಮ, ಸಹಿ’ ಎಂದು ಕೂಗಿದಾಗ ಬೀದಿಗೆ ಬೀದಿಯೇ ನೋಡಿತು. ಅದೇ ನಿನಗೆ ಬೇಕಾಗಿತ್ತೇನೋ.

ಸಹಿ ಹಾಕುವುದಿಲ್ಲ. ನಿನ್ನ ಹೆಸರು ತೆಗೆದರೆ ನಾಳೆಯೇ ಇಲಾಖೆಯವರು ಬಂದು ಬೀಗ ಹಾಕುತ್ತಾರೆ ಎಂಬುದು ನನಗೂ ಗೊತ್ತು, ನಿನಗೂ ಗೊತ್ತು. ನನ್ನ ಗಂಡ ಸೈಕಲ್ಲಿನ ಹಿಂದೆ ಔಷಧಿ ಕಟ್ಟಿಕೊಂಡು ತಿರುಗಿ ಕಟ್ಟಿದ ಅಂಗಡಿ ಅದು. ಅವರು ಹೋದ ಮೇಲೆ ಆ ಸ್ಟೂಲಿನ ಮೇಲೆ ಕೂತು ನನ್ನ ಸೊಂಟ ಬಿದ್ದುಹೋಗಿದೆ. ನೀನು ಫೋನಿನಲ್ಲಿ ಅಂಗಡಿ ಮಾಡುತ್ತೀಯಂತೆ. ಮಾಡು. ಮುಖ ನೋಡದೆ, ನಾಡಿ ನೋಡದೆ, ಮಾತ್ರೆ ಪಾರ್ಸೆಲ್ ಮಾಡುವುದು ಒಂದು ವ್ಯಾಪಾರವೇ? ನನ್ನ ಗಿರಾಕಿಗಳ ಕೆಮ್ಮು ಕೇಳಿದರೆ ಸಾಕು, ಯಾರು ಬಂದರೆಂದು ಒಳಗಿಂದಲೇ ಹೇಳುತ್ತೇನೆ.

ಇನ್ನು ಆ ಸಂಜೆಯ ಮಾತು. ನನಗೆ ಇರುವುದು ಒಬ್ಬನೇ ಮಗ. ನಿನ್ನ ಮಡಿಲು ತುಂಬಿದ್ದರೆ ನಿನಗೂ ಗೊತ್ತಾಗುತ್ತಿತ್ತು, ಕಣ್ಣು ಯಾವಾಗ ಮಂಜಾಗುತ್ತದೆ ಎಂದು. ಒಂದು ವರ್ಷದ ಅಮಾನತು ನಿನಗೆ, ಅವನಿಗಾದರೆ ಜೈಲು. ನೀನು ಓದಿದವಳು, ಹೇಗೋ ಬದುಕುತ್ತೀಯೆ ಅಂದುಕೊಂಡೆ. ಬದುಕಿದ್ದೀಯಲ್ಲ.

ಇನ್ನು ಬರೆಯಬೇಡ.

ಅಂಗಡಿಯಮ್ಮ

*

ಮಾರ್ಚ್ ೬

ಅತ್ತೆಯವರಿಗೆ,

ಮಡಿಲಿನ ಮಾತನ್ನು ಓದಿದೆ. ಅದನ್ನೂ ಲೆಕ್ಕಕ್ಕೆ ಸೇರಿಸಿಕೊಂಡಿದ್ದೇನೆ.

ನಾನಿರುವ ವಠಾರದಲ್ಲಿ ಒಬ್ಬ ಅಕ್ಕ ಇದ್ದಾರೆ. ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ಎಲ್ಲರೂ ಕಂಡಕ್ಟರಕ್ಕ ಎನ್ನುತ್ತಾರೆ. ಮೊನ್ನೆ ಅವರು ನಿಮ್ಮ ಅಂಗಡಿಗೆ ತಲೆನೋವಿನ ಮಾತ್ರೆಗೆಂದು ಬಂದಿದ್ದರು. ನಿಮ್ಮ ಮಗನೇ ಕೊಟ್ಟರು. ಅವರ ತಲೆಯ ಹಿಂದೆ, ಗೋಡೆಯ ಮೇಲೆ, ಕಪ್ಪು ಚೌಕಟ್ಟಿನಲ್ಲಿ ನನ್ನ ಸರ್ಟಿಫಿಕೇಟು ತೂಗುತ್ತಿತ್ತು. ಅಕ್ಕ ಫೋಟೊ ತೆಗೆದುಕೊಂಡು ಬಂದಿದ್ದಾರೆ.

ಅಮಾನತಾದ ಫಾರ್ಮಸಿಸ್ಟಿನ ಹೆಸರು ತೋರಿಸಿ ವರ್ಷವಿಡೀ ಅಂಗಡಿ ನಡೆಸಿದ್ದೀರಿ. ಇಲಾಖೆಗೆ ಇದು ಗೊತ್ತಾದರೆ ಬರೀ ಬೀಗವಲ್ಲ, ಲೈಸೆನ್ಸೇ ರದ್ದು. ಮತ್ತೆ ಯಾರ ಹೆಸರಿನಲ್ಲೂ ತೆಗೆಯುವಂತಿಲ್ಲ. ನಾನು ದೂರು ಕೊಟ್ಟರೆ ಒಂದು ವಾರದಲ್ಲಿ ಮುಗಿದುಹೋಗುತ್ತದೆ. ಆದರೆ ಅಷ್ಟು ಬೇಗ ಮುಗಿಯುವುದು ನನಗೆ ಬೇಡ. ಅಂಗಡಿ ತೆರೆದೇ ಇರಬೇಕು, ನೀವು ಸ್ಟೂಲಿನ ಮೇಲೆ ಕೂತೇ ಇರಬೇಕು, ಗಿರಾಕಿಗಳು ಒಬ್ಬೊಬ್ಬರೇ ಬರುವುದು ನಿಲ್ಲಬೇಕು. ನಾನು ಕೌನ್ಸಿಲ್ಲಿನ ವರಾಂಡದಲ್ಲಿ ಕೂತು ಕಾಯುತ್ತಿದ್ದಾಗ ನನ್ನ ಗುರುತಿನವರೆಲ್ಲ ಮುಖ ತಿರುಗಿಸಿ ಹೋದರಲ್ಲ, ಹಾಗೆ.

ಬೇರೆ ಫಾರ್ಮಸಿಸ್ಟನ್ನು ಹುಡುಕಿಕೊಳ್ಳಿ. ಸಹಿ ಕಳಿಸಿ. ತಿಂಗಳ ಮಧ್ಯದವರೆಗೆ ಕಾಯುತ್ತೇನೆ.

ಸೊಸೆಯಾಗಿದ್ದವಳು

*

ಮಾರ್ಚ್ ೧೩

ಸಹಿ ಹಾಕಿದ್ದೇನೆ. ಸರ್ಟಿಫಿಕೇಟೂ ಇದೆ. ಚೌಕಟ್ಟು ನಮ್ಮದು, ಅದನ್ನು ಕೊಡುವುದಿಲ್ಲ. ಬಿಚ್ಚುವಾಗ ಅವನು ಜೋರಾಗಿ ಎಳೆದು ಮೂಲೆ ಹರಿದಿದೆ. ಅಂಟಿಸಿಕೋ.

ಅಂಗಡಿಯಮ್ಮ

*

ಮೇ ೨೫

ಅತ್ತೆಯವರಿಗೆ,

ಲೈಸೆನ್ಸ್ ಬಂತು. ಮೊದಲು ನಿಮಗೇ ತಿಳಿಸುತ್ತಿದ್ದೇನೆ.

ಹಳೆಯ ಫೋಟೊ ಸ್ಟುಡಿಯೊ ಒಂದನ್ನು ಬಾಡಿಗೆಗೆ ಹಿಡಿದಿದ್ದೇನೆ. ಆನ್‌ಲೈನ್ ಅಂದರೆ ಗಾಳಿಯಲ್ಲಿ ಮಾಡುವ ವ್ಯಾಪಾರ ಎಂದು ನೀವು ತಿಳಿದಿರಬಹುದು. ಹಾಗಲ್ಲ. ಇಷ್ಟಗಲದ ಕೋಣೆ ಬೇಕು, ಸೋರದ ಸೂರು ಬೇಕು, ಕಪಾಟು, ಫ್ರಿಜ್ಜು, ಅದರೊಳಗೆ ಉಷ್ಣಮಾಪಕ, ಕರೆಂಟು ಹೋದರೆ ಬ್ಯಾಟರಿ, ಹೊರಗೆ ಬೋರ್ಡು. ವೆಬ್‌ಸೈಟಿನಲ್ಲಿ ಫಾರ್ಮಸಿಸ್ಟಿನ ಹೆಸರು, ನಂಬರು, ಲೈಸೆನ್ಸು ಎಲ್ಲರಿಗೂ ಕಾಣುವಂತೆ ಇರಬೇಕು. ನನ್ನ ಹೆಸರನ್ನು ದೊಡ್ಡ ಅಕ್ಷರದಲ್ಲಿ ಹಾಕಿಸಿದ್ದೇನೆ. ಅಂಗಡಿಗೆ ‘ಸರಿಮಾತ್ರೆ’ ಎಂದು ಹೆಸರಿಟ್ಟಿದ್ದೇನೆ. ಯಾಕೆಂದು ನಿಮಗೆ ವಿವರಿಸಬೇಕಾಗಿಲ್ಲ.

ತನಿಖೆಗೆ ಬಂದ ಡ್ರಗ್ ಇನ್ಸ್‌ಪೆಕ್ಟರ್ ಒಬ್ಬ ಸಣಕಲು ಹೆಂಗಸು, ನಗುವುದನ್ನು ಎಲ್ಲೋ ಮರೆತು ಬಂದವರಂತೆ ಇದ್ದರು. ಟೇಪು ಹಿಡಿದು ಮೂಲೆ ಮೂಲೆ ಅಳೆದರು. ಗೋಡೆಯ ಮೇಲೆ ಸ್ಟುಡಿಯೊದವರು ಬರೆಸಿದ್ದ ಜಲಪಾತದ ಚಿತ್ರ ನೋಡಿ, “ಇದನ್ನ ಅಳಿಸಿ, ಸುಣ್ಣ ಹೊಡೆಸಿ” ಎಂದರು. ಆಮೇಲೆ ಚೀಲದಿಂದ ಒಂದು ಹಾಳೆ ತೆಗೆದರು. ನಿಮ್ಮ ಮಗ ಬರೆದ ತಕರಾರು ಅರ್ಜಿ. ಈಕೆಯ ಕೈಯಿಂದ ಒಬ್ಬ ಬಡಪಾಯಿಯ ಬಾಳು ಹಾಳಾಗಿದೆ, ಈಕೆಗೆ ಲೈಸೆನ್ಸ್ ಕೊಡಬಾರದು ಎಂದಿತ್ತು. ಅಕ್ಷರ ದುಂಡಗಿತ್ತು. ನನಗೆ ಒಂದು ಕಾಲದಲ್ಲಿ ಪ್ರೀತಿಯಿಂದ ಬರೆಯುವಾಗಲೂ ಅದೇ ದುಂಡು ಅಕ್ಷರವಿತ್ತು.

“ಇದು ನೀವು ಮಾಡಿದ್ದಾ?” ಎಂದು ಆಕೆ ಕೇಳಿದರು.

“ಮಾಡಿದ್ದೀನಿ ಅಂತ ಕೌನ್ಸಿಲ್ ತೀರ್ಮಾನ ಕೊಟ್ಟಿದೆ, ಮೇಡಂ.”

“ನಾನು ಕೇಳಿದ್ದು ಅದಲ್ಲ.”

“ಆವತ್ತು ನಾನು ಕೌಂಟರಲ್ಲಿ ಇರ್ಲಿಲ್ಲ. ಇದ್ದೆ ಅಂತ ಇಬ್ಬರು ನಂಬಿಸಿದ್ರು.”

ಆಕೆ ಏನೂ ಬರೆದುಕೊಳ್ಳಲಿಲ್ಲ. ಹಾಳೆಯನ್ನು ಮತ್ತೆ ಚೀಲಕ್ಕೆ ತುರುಕಿ, “ಫ್ರಿಜ್ ತೆಗೀರಿ” ಎಂದರು.

ಹೊರಡುವ ಮುಂಚೆ ತಮ್ಮ ಫೋನಿನಿಂದ ಒಂದು ಚೀಟಿಯ ಫೋಟೊ ಹಾಕಿ, ನಿದ್ದೆ ಮಾತ್ರೆ ಬೇಕು ಎಂದು ಆರ್ಡರ್ ಮಾಡಿದರು. ಚೀಟಿಯ ಅವಧಿ ಮುಗಿದಿತ್ತು. ಕೊಡಲಾಗುವುದಿಲ್ಲ, ಡಾಕ್ಟರನ್ನು ಮತ್ತೆ ಕಾಣಿರಿ ಎಂದು ಅಲ್ಲೇ ಎದುರಿಗೆ ಕೂತು ಉತ್ತರ ಕಳಿಸಿದೆ. ಅವರ ಫೋನು ಟಿಣ್ ಎಂದಿತು. ಓದಿಕೊಂಡು, “ಸುಣ್ಣ ಹೊಡೆಸೋದು ಮರೀಬೇಡಿ” ಎಂದು ಹೇಳಿ ಹೋದರು. ಮೂರನೇ ವಾರಕ್ಕೆ ಲೈಸೆನ್ಸ್ ಕೈಗೆ ಬಂತು.

ಸುಣ್ಣ ಹೊಡೆಸಿದ್ದೇನೆ. ಹರಿದ ಮೂಲೆಗೆ ಅಂಟು ಹಚ್ಚಿ ಸರ್ಟಿಫಿಕೇಟು ತೂಗುಹಾಕಿದ್ದೇನೆ. ಮಾತ್ರೆ ತಲುಪಿಸುವುದಕ್ಕೆ ಕಂಡಕ್ಟರಕ್ಕ ಒಪ್ಪಿದ್ದಾರೆ, ಅವರಿಗೆ ಸ್ಕೂಟರಿದೆ, ಊರಿನ ಗಲ್ಲಿಗಳೆಲ್ಲ ಗೊತ್ತು. ನಾಳೆಯಿಂದ ನಿಮ್ಮ ಬೀದಿಗೇ ಮೊದಲು.

ಮಗನಿಗೆ ಹೇಳಿ, ಅವರ ಅರ್ಜಿ ಚೆನ್ನಾಗಿತ್ತು ಎಂದು.

ಫಾರ್ಮಸಿಸ್ಟ್, ಸರಿಮಾತ್ರೆ

*

ಆಗಸ್ಟ್ ೯

ಸೊಸೆಯಾಗಿದ್ದವಳಿಗೆ,

ಬರೆಯಬೇಡ ಎಂದವಳು ನಾನೇ, ಈಗ ಬರೆಯುತ್ತಿರುವವಳೂ ನಾನೇ. ನಕ್ಕುಬಿಡು.

ಆ ಕಂಡಕ್ಟರು ಹೆಂಗಸು ದಿನಾ ನಮ್ಮ ಅಂಗಡಿಯ ಮುಂದೆಯೇ ಸ್ಕೂಟರ್ ನಿಲ್ಲಿಸುತ್ತಾಳೆ. ಬೇಕಂತಲೇ. ನಿಲ್ಲಿಸಿ, ಪಕ್ಕದ ಮನೆಗೆ, ಮೇಲಿನ ಮನೆಗೆ, ಬೇಕರಿಯವನಿಗೆ ಪಾರ್ಸೆಲ್ ಕೊಟ್ಟು, ಹೋಗುವಾಗ ಹಾರ್ನ್ ಹೊಡೆಯುತ್ತಾಳೆ. ಬೇಕರಿಯವನ ಸಕ್ಕರೆ ಕಾಯಿಲೆಯನ್ನು ಮೊದಲು ಗುರುತಿಸಿದವಳು ನಾನು. ಈಗ ನನ್ನನ್ನು ಕಂಡರೆ ಓವನ್ನಿನೊಳಗೆ ತಲೆ ಹಾಕುತ್ತಾನೆ. ಟೀಚರಮ್ಮ ಒಬ್ಬಳು ಬಂದು ನೇರವಾಗಿಯೇ ಹೇಳಿದಳು, ‘ಅವಳು ಫೋನ್ ಮಾಡಿ, ಈ ಮಾತ್ರೆ ಊಟದ ಮುಂಚೆ, ಇದು ಆಮೇಲೆ ಅಂತ ಹೇಳ್ತಾಳೆ ಅಂಗಡಿಯಮ್ಮ, ನಿಮ್ಮಲ್ಲಿ ಕವರಿಗೆ ಹಾಕಿ ಎಸೀತಾರೆ’ ಎಂದು. ನಮ್ಮ ಅಂಗಡಿಯಲ್ಲೂ ಹಾಗೆ ಹೇಳುತ್ತಿದ್ದವಳು ಒಬ್ಬಳಿದ್ದಳು ಎಂದು ಹೇಳಬೇಕೆನ್ನಿಸಿತು. ಹೇಳಲಿಲ್ಲ.

ಅವನು ಒಬ್ಬ ಫಾರ್ಮಸಿಸ್ಟನ್ನು ಇಟ್ಟಿದ್ದಾನೆ. ಇಟ್ಟಿದ್ದಾನೆ ಎಂದರೆ ಗೋಡೆಗೆ ತೂಗುಹಾಕಿದ್ದಾನೆ. ಆ ಮನುಷ್ಯ ಸಂಬಳದ ದಿನ ಬಂದು ಟೀ ಕುಡಿದು ಹೋಗುತ್ತಾನೆ. ಔಷಧಿ ಕೊಡುವವನು ಇವನೇ. ವ್ಯಾಪಾರ ಬಿದ್ದಷ್ಟೂ ಇವನ ಸಿಟ್ಟು ಏರುತ್ತದೆ, ಸಿಟ್ಟು ಏರಿದಷ್ಟೂ ಕೈ ಅವಸರವಾಗುತ್ತದೆ.

ಜುಲೈಯಲ್ಲಿ ಕೆಲವು ದಿನ ನಾನು ಆಸ್ಪತ್ರೆಯಲ್ಲಿದ್ದೆ. ಏನಾಗಿತ್ತು ಎಂದು ನಿನಗೆ ಹೇಳುವ ದರ್ದು ನನಗಿಲ್ಲ. ಆದರೆ ಅಲ್ಲಿ ಮಲಗಿದ್ದಾಗ ಅನ್ನಿಸಿತು, ನಿನ್ನ ಹೊಟ್ಟೆಯುರಿ ಇನ್ನಾದರೂ ತಣ್ಣಗಾಗಬಾರದೇ ಎಂದು. ನಮ್ಮ ಬೀದಿಯೊಂದನ್ನು ಬಿಟ್ಟುಬಿಡು. ಊರು ದೊಡ್ಡದಿದೆ. ಕೇಳುತ್ತಿದ್ದೇನೆ, ಬೇಡುತ್ತಿಲ್ಲ.

ಅಂಗಡಿಯಮ್ಮ

*

ಅಕ್ಟೋಬರ್ ೧

ಅತ್ತೆಯವರಿಗೆ,

ಆಗಸ್ಟಿನ ಕಾಗದಕ್ಕೆ ಉತ್ತರ ಕೊಡಬಾರದೆಂದೇ ಸುಮ್ಮನಿದ್ದೆ. ಈಗ ಬರೆಯಲೇಬೇಕಾಗಿದೆ. ಕಂಡಕ್ಟರಕ್ಕನ ಕೈಯಲ್ಲೇ ಕಳಿಸುತ್ತಿದ್ದೇನೆ, ಉತ್ತರವನ್ನೂ ಅವರ ಕೈಯಲ್ಲೇ ಕೊಡಿ.

ನಿನ್ನೆ ಒಂದು ಆರ್ಡರ್ ಬಂತು. ನಾನಿದ್ದ ಮಹಡಿಯಲ್ಲಿ ಈಗ ಬಾಡಿಗೆಗಿರುವ ಹುಡುಗಿಯ ಹೆಸರಿನಲ್ಲಿ. ಚೀಟಿಯ ಮೇಲ್ತುದಿ, ರೋಗಿಯ ಹೆಸರಿರುವ ಕಡೆ, ನೀಟಾಗಿ ಮಡಚಿ ಫೋಟೊ ತೆಗೆದಿತ್ತು. ವಯಸ್ಸು ಮಾತ್ರ ಮಡಿಕೆಯ ಕೆಳಗೆ ಕಾಣುವಂತೆ ಉಳಿದುಬಿಟ್ಟಿತ್ತು, ಅರವತ್ತೆಂಟು. ಆ ಹುಡುಗಿಗೆ ಮೂವತ್ತೂ ದಾಟಿಲ್ಲ. ಔಷಧಿ ಯಾವುದೆಂದು ನೋಡಿ ನನ್ನ ಕೈ ನಿಂತಿತು. ರಕ್ತ ತೆಳುವಾಗಿಸುವ ಮಾತ್ರೆ, ಒಂದರದ್ದು.

ಅನುಮಾನ ಬಂದರೆ ಫೋನ್ ಮಾಡಿ ಕೇಳಬೇಕು, ಅದು ನಿಯಮ. ಆರ್ಡರಿನಲ್ಲಿದ್ದ ಆ ಹುಡುಗಿಯ ನಂಬರಿಗೆ ಮಾಡಿದೆ. ಆ ಕಡೆಯಿಂದ ‘ಹಲೋ, ಯಾರು?’ ಎಂದ ದನಿಯ ಜೊತೆ ನಾನು ಹನ್ನೊಂದು ವರ್ಷ ಒಂದೇ ಸೂರಿನಡಿ ಇದ್ದೆ. ನಾನು ಸರಿಮಾತ್ರೆಯಿಂದ ಎಂದ ಕೂಡಲೇ ನೀವು ಇಟ್ಟುಬಿಟ್ಟಿರಿ.

ರಾತ್ರಿ ತುಂಬ ಹೊತ್ತು ನಿಮ್ಮ ಅಂಗಡಿಯ ಕಪಾಟುಗಳನ್ನೇ ನೆನೆದುಕೊಂಡೆ. ಗಲ್ಲಾದ ಎಡಕ್ಕೆ, ಕಣ್ಣಿನ ಮಟ್ಟದಲ್ಲಿ, ಒಂದರದ್ದೂ ಐದರದ್ದೂ ಪಕ್ಕಪಕ್ಕ. ನಿಮ್ಮ ಸ್ಟೂಲಿನಿಂದ ಕೈ ಚಾಚಿದರೆ ಸಿಗುತ್ತದೆ. ನಿಮ್ಮದೇ ಅಂಗಡಿ, ನಿಮ್ಮದೇ ಮಗ. ಆದರೂ ಮಹಡಿಯ ಹುಡುಗಿಯನ್ನು ಗೋಗರೆದು, ಹೆಸರು ಮಡಚಿ, ಕದ್ದು ನನ್ನಿಂದ ತರಿಸಿಕೊಳ್ಳುತ್ತೀರಿ. ಕಣ್ಣು ಮಂಜಾಗಿರುವವರಿಗೆ ಇಷ್ಟು ಸ್ಪಷ್ಟವಾಗಿ ಹೇಗೆ ಕಂಡಿತು ಅತ್ತೆ?

ಮಾತ್ರೆಯನ್ನು ತಡೆದು ನಿಮ್ಮ ಪ್ರಾಣದ ಜೊತೆ ಆಟವಾಡುವವಳು ನಾನಲ್ಲ. ಎರಡು ಬೀದಿ ಆಚೆ ಬೇರೆ ಔಷಧಿ ಅಂಗಡಿಯಿದೆ, ಆಸ್ಪತ್ರೆಯಲ್ಲೂ ಇದೆ. ಎಲ್ಲಿ ಬೇಕಾದರೂ ಕೊಳ್ಳಬಹುದು. ಆದರೆ ನನ್ನ ಕೈಯಿಂದಲೇ ಬೇಕಿದ್ದರೆ, ನಿಮ್ಮ ಸ್ವಂತ ಹೆಸರಿನಲ್ಲಿ, ಮಡಿಕೆಯಿಲ್ಲದ ಚೀಟಿ ಕಳಿಸಬೇಕು. ಹೆಸರು ಹೊಂದದೆ ನಾನು ಔಷಧಿ ಕೊಡುವುದಿಲ್ಲ. ಇದು ಇಲಾಖೆಯ ನಿಯಮ.

ಇನ್ನೊಂದು ನಿಯಮ ನನ್ನದು. ಪಾರ್ಸೆಲ್ ಮನೆಗೆ ಬರುವುದಿಲ್ಲ. ಅಂಗಡಿಗೆ ಬರುತ್ತದೆ. ಬೆಳಿಗ್ಗೆ ಹನ್ನೊಂದಕ್ಕೆ, ಅಂಗಡಿಯಲ್ಲಿ ಜನ ಇರುವಾಗ, ನಿಮ್ಮ ಮಗ ಕೌಂಟರಿನಲ್ಲಿ ನಿಂತಿರುವಾಗ.

ಫಾರ್ಮಸಿಸ್ಟ್, ಸರಿಮಾತ್ರೆ

*

ಅಕ್ಟೋಬರ್ ೨

ನಿನ್ನ ಕಂಡಕ್ಟರು ಹೊಸಿಲಲ್ಲಿ ಕಾಯುತ್ತಾ ನಿಂತಿದ್ದಾಳೆ, ಆತುರದಲ್ಲಿ ಬರೆಯುತ್ತಿದ್ದೇನೆ.

ಎದೆಬಡಿತ ತಾಳ ತಪ್ಪಿದೆಯಂತೆ. ರಕ್ತ ಹೆಪ್ಪುಗಟ್ಟಬಾರದು ಎಂದು ಆ ಮಾತ್ರೆ. ಆಸ್ಪತ್ರೆಯಲ್ಲಿ ಕೊಟ್ಟದ್ದು ಇನ್ನೂ ಸ್ವಲ್ಪ ಉಳಿದಿದೆ. ಬೇರೆ ಅಂಗಡಿಗೆ ಹೋಗು ಎನ್ನುತ್ತೀಯೆ. ಈ ಊರಿನಲ್ಲಿ ಔಷಧಿ ಮಾರುವವರೆಲ್ಲ ನನ್ನ ಗುರುತಿನವರು. ಅಂಗಡಿಯಮ್ಮ ಇಲ್ಲಿಗೆ ಬಂದಿದ್ದಳು ಎಂಬ ಸುದ್ದಿ ನಾನು ಮನೆ ಮುಟ್ಟುವ ಮುಂಚೆ ಅವನನ್ನು ಮುಟ್ಟುತ್ತದೆ.

ಅವನೇ ಒಂದು ದಿನ ಮಾತ್ರೆ ತಂದುಕೊಟ್ಟ. ನುಂಗಲು ಬಾಯಿಗೆ ಇಟ್ಟವಳು ಉಗಿದೆ. ಕನ್ನಡಕ ಹಾಕಿಕೊಂಡು ನೋಡಿದೆ. ಸರಿಯಾಗಿಯೇ ಇತ್ತು. ಆದರೆ ನುಂಗುವುದಕ್ಕೆ ಆಗಲಿಲ್ಲ. ಹೆತ್ತವಳು ನಾನು, ನನಗೇ ಆಗಲಿಲ್ಲ.

ಮನೆಗೆ ಕಳಿಸು. ಮಧ್ಯಾಹ್ನ ಅವನು ಮಲಗಿರುತ್ತಾನೆ, ಹಿಂದಿನ ಬಾಗಿಲಿಗೆ ಕಳಿಸು. ಇಷ್ಟು ಬೇಡಿಕೊಂಡದ್ದು ನಿನಗೆ ಸಾಲದೇ?

ಅತ್ತೆ

*

ಅಕ್ಟೋಬರ್ ೨, ಸಂಜೆ

ಸಾಲದು.

ಫಾರ್ಮಸಿಸ್ಟ್, ಸರಿಮಾತ್ರೆ

*

ಅಕ್ಟೋಬರ್ ೧೪

ನಿನಗೆ,

ನಿನ್ನ ಕಂಡಕ್ಟರು ಬಂದು ವರದಿ ಒಪ್ಪಿಸಿರುತ್ತಾಳೆ. ಆದರೂ ನಡೆದದ್ದನ್ನು ನನ್ನ ಬಾಯಿಂದಲೂ ಕೇಳು.

ಆಸ್ಪತ್ರೆಯ ಮಾತ್ರೆ ಮುಗಿಯುತ್ತ ಬಂದಿತ್ತು, ನನ್ನ ಹೆಸರಿನಲ್ಲೇ ಚೀಟಿ ಕಳಿಸಿದೆ; ಕಳೆದ ವಾರ ಹನ್ನೊಂದಕ್ಕೆ ಸರಿಯಾಗಿ ಬಂದಳು. ಅಂಗಡಿಯಲ್ಲಿ ಹೆಚ್ಚು ಜನ ಇರಲಿಲ್ಲ, ಈಗ ಎಲ್ಲಿರುತ್ತಾರೆ. ಇದ್ದವಳು ದರ್ಜಿಯ ಹೆಂಡತಿ. ಅವಳು ಇವತ್ತಿಗೂ ಗಂಡನ ಔಷಧಿಯನ್ನು ನಮ್ಮಲ್ಲೇ ಕೊಳ್ಳುತ್ತಾಳೆ. ನಿನ್ನ ಮೇಲಿನ ದ್ವೇಷಕ್ಕೆ ಬೀದಿಯಲ್ಲಿ ಯಾರು ಹೋದರೂ ನಾನು ಮಾತ್ರ ಸರಿಮಾತ್ರೆಗೆ ಹೋಗಲ್ಲ ಎನ್ನುತ್ತಿದ್ದವಳು. ಅವನು ಅವಳ ಚೀಟಿ ನೋಡಿ ಕಪಾಟಿಗೆ ಕೈ ಹಾಕಿದ್ದ.

ನಿನ್ನವಳು ಬಸ್ಸಿನ ಬಾಗಿಲಲ್ಲಿ ನಿಂತಂತೆ ನಿಂತು, “ಅಂಗಡಿಯಮ್ಮ ಯಾರ್ರೀ, ಮುಂದೆ ಬನ್ನಿ, ಪಾರ್ಸೆಲ್ ಇದೆ” ಎಂದು ಕೂಗಿದಳು. ನನ್ನ ಹೆಸರು, ವಯಸ್ಸು, ಮಾತ್ರೆ, ಅದರ ಶಕ್ತಿ ಎಷ್ಟು, ಎಲ್ಲವನ್ನೂ ಒಂದೊಂದಾಗಿ ಓದಿ, ಸರಿಯಿದೆಯಾ ಎಂದು ಕೇಳಿದಳು. ಸರಿಯಿದೆ ಎಂದೆ. ಸಹಿ ಹಾಕಿದೆ. ಪೆನ್ನು ಕೈಯಿಂದ ಜಾರಿತು, ಅದನ್ನೂ ನಿನಗೆ ಹೇಳಿರಬೇಕು.

ಅವನು ಕಪಾಟಿನಲ್ಲಿ ಕೈಯಿಟ್ಟವನು ಹಾಗೆಯೇ ನಿಂತ. “ಏನಮ್ಮ ಇದು?”

ನಾನು ಪೊಟ್ಟಣವನ್ನು ಕೌಂಟರಿನ ಮೇಲೆ ಇಟ್ಟೆ.

ದರ್ಜಿಯ ಹೆಂಡತಿ ಪೊಟ್ಟಣದ ಮೇಲಿನ ಹೆಸರು ಓದಿಕೊಂಡಳು. “ಅಂಗಡಿಯಮ್ಮ, ಇದು ಅವಳ ಕಡೆಯದಲ್ವಾ? ಮನೇಲೇ ಅಂಗಡಿ ಇಟ್ಕೊಂಡು ಅವಳ ಕೈಯಿಂದ ತರಿಸ್ತೀರಾ? ಅದೂ ಇದೇ ಮಾತ್ರೆ?” ಅವಳ ದನಿಯಲ್ಲಿ ಕೋಪವಿರಲಿಲ್ಲ. ನನಗೇನೋ ಬುದ್ಧಿ ಕೆಟ್ಟಿದೆ ಎಂಬ ಮರುಕವಿತ್ತು.

“ಅವಳ ಕೈ ತಪ್ಪಲ್ಲ ಕಣಮ್ಮ” ಎಂದೆ. “ಆವತ್ತೂ ತಪ್ಪಿರ್ಲಿಲ್ಲ.”

ಮೊದಲನೆಯ ಮಾತು ಹೇಳಬೇಕೆಂದೇ ಹೇಳಿದ್ದು. ಎರಡನೆಯದು ತಾನಾಗಿ ಹೊರಟಿತು. ಹೊರಟ ಮೇಲೆ ನುಂಗುವುದಕ್ಕೆ ಬರಲಿಲ್ಲ.

ಅವಳು, “ಮತ್ತೆ ಯಾರ ಕೈ?” ಎಂದಳು.

ನಾನು ಯಾರ ಹೆಸರನ್ನೂ ಹೇಳಲಿಲ್ಲ. ಆದರೆ ಕಣ್ಣು ಅವನ ಕಡೆ ಹೋಯಿತು, ನನ್ನ ಕಣ್ಣು ಹೋದ ಕಡೆ ಅವಳ ಕಣ್ಣೂ ಹೋಯಿತು. ಅವನ ಕೈಯಲ್ಲಿ ಅವಳ ಗಂಡನ ಮಾತ್ರೆಯ ಹಾಳೆ ಇತ್ತು. ಅವಳು ಹತ್ತಿರ ಹೋಗಿ ಅದನ್ನು ತೆಗೆದುಕೊಂಡು, ತಿರುಗಿಸಿ ನೋಡಿ, ಕೌಂಟರಿನ ಮೇಲೆ ಇಟ್ಟಳು. ಚೀಟಿಯನ್ನು ಮಡಚಿ ಸೆರಗಿನ ಮರೆಯಲ್ಲಿ ಸಿಕ್ಕಿಸಿಕೊಂಡಳು. ಬಾಗಿಲ ಕಡೆ ನಡೆದಳು. ನಿನ್ನ ಕಂಡಕ್ಟರು ಪಕ್ಕಕ್ಕೆ ಸರಿದು ಅವಳಿಗೆ ದಾರಿ ಬಿಟ್ಟಳು.

ಅವನು ಷಟರ್ ಎಳೆದ. ಒಳಗೆ ಕತ್ತಲೆಯಾಯಿತು. “ನೀನು ನನ್ನ ತಾಯೇನಾ?” ಎಂದ.

“ತಾಯಿ ಆಗಿದ್ದಕ್ಕೇ ಇಷ್ಟು ದಿನ ಸುಮ್ನಿದ್ದೆ” ಎಂದೆ.

ಆ ಷಟರನ್ನು ಅವನು ಮತ್ತೆ ಎತ್ತಿಲ್ಲ. ಔಷಧಿ ಕಂಪನಿಯವರು ಬಂದು ಬಡಿದು ಬಡಿದು ಹೋಗುತ್ತಾರೆ. ಒಂದೇ ಮನೆಯಲ್ಲಿ ಇಬ್ಬರೂ ಇದ್ದೇವೆ, ಅವನು ಅಡುಗೆಮನೆಗೆ ಬಂದರೆ ನಾನು ಎದ್ದು ಹೋಗುತ್ತೇನೆ. ನಿನ್ನ ಮಾತ್ರೆ ದಿನಾ ನುಂಗುತ್ತಿದ್ದೇನೆ.

ನೀನು ಹೇಳಿದ್ದನ್ನು ಸಾಧಿಸಿದೆ. ನಾನು ಸೋತೆ ಎಂದು ಬರೆದುಕೊಡುತ್ತಿದ್ದೇನೆ, ಸಹಿಯೂ ಇದೆ. ಇನ್ನಾದರೂ ನನ್ನನ್ನು ಬಿಟ್ಟುಬಿಡು.

ಅತ್ತೆ

*

ಅಕ್ಟೋಬರ್ ೩೦

ಅತ್ತೆಯವರಿಗೆ,

ಸುಳ್ಳು ಹೇಳುವುದಿಲ್ಲ, ನನಗೆ ಸಂತೋಷವಾಯಿತು. ಕಂಡಕ್ಟರಕ್ಕನಿಂದ ಎರಡು ಸಲ ಹೇಳಿಸಿಕೊಂಡು ಕೇಳಿದೆ. ಷಟರ್ ಬಿದ್ದ ಸದ್ದು ಹೇಗಿತ್ತು ಎಂದೂ ಕೇಳಿದೆ. ಆಕೆ ಪಾಪ, ಅಷ್ಟು ಸಂತೋಷಪಡಲಿಲ್ಲ. ‘ಮುದುಕಿ ಸಹಿ ಹಾಕೋವಾಗ ಪೆನ್ನು ಜಾರಿ ಜಾರಿ ಬೀಳ್ತಿತ್ತು ಕಣೇ’ ಎಂದು ಹೇಳಿ, ಟೀ ಕೂಡ ಕುಡಿಯದೆ ಹೋದರು.

ನಿಮ್ಮ ಮುಂದಿನ ಮಾತ್ರೆಯ ವಿಷಯ. ಈ ಔಷಧಿಗೆ ಆಗಾಗ ರಕ್ತ ಪರೀಕ್ಷೆ ಆಗಬೇಕು. ಡಾಕ್ಟರನ್ನು ಕಂಡು ಪರೀಕ್ಷೆ ಮಾಡಿಸಿ, ವರದಿಯ ಫೋಟೊ ಕಳಿಸಿ. ಅದನ್ನು ನೋಡದೆ ಕಟ್ಟುವುದಿಲ್ಲ. ಗಾಯವಾದರೆ, ಒಸಡಿನಲ್ಲಿ ರಕ್ತ ಬಂದರೆ, ತಡಮಾಡದೆ ಆಸ್ಪತ್ರೆಗೆ ಹೋಗಿ. ಅಂಗಡಿ ಮುಚ್ಚಿರುವುದರಿಂದ ಪಾರ್ಸೆಲ್ ಇನ್ನು ಮನೆಗೇ ಬರುತ್ತದೆ.

ಬಿಟ್ಟುಬಿಡು ಎಂದಿರಿ. ಅದು ಈಗ ನನ್ನ ಕೈಯಲ್ಲಿಲ್ಲ.

ಮೊನ್ನೆ ದರ್ಜಿಯ ಹೆಂಡತಿ ನನ್ನ ಕೋಣೆಗೆ ಬಂದಿದ್ದರು, ಗಂಡನನ್ನೂ ಕರೆದುಕೊಂಡು. ಅವರು ಕುರ್ಚಿಯಲ್ಲಿ ಕೂತು ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು. ಈಕೆ ಕೂರಲಿಲ್ಲ. ನನ್ನ ಕ್ಷಮೆ ಕೇಳಲೂ ಇಲ್ಲ, ಕೇಳಬೇಕಾದದ್ದೂ ಏನಿಲ್ಲ. ಅವರು ನಂಬಿದ್ದು ನೀವು ಹೇಳಿದ್ದನ್ನು. ನನಗೆ ಗೊತ್ತಿರದ ಸಂಗತಿಯೊಂದನ್ನು ಹೇಳಿದರು. ಗಂಡ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದಾಗ ನೀವು ದಿನಾ ಊಟ ಕಟ್ಟಿಕೊಂಡು ಹೋಗುತ್ತಿದ್ದಿರಂತೆ. ಪಕ್ಕದಲ್ಲಿ ಕೂತು ಈಕೆಗೆ ತುತ್ತು ಮಾಡಿ ತಿನ್ನಿಸುತ್ತಿದ್ದಿರಂತೆ. ನನ್ನ ಸೊಸೆ ನಿನ್ನ ಬಾಳು ಹಾಳು ಮಾಡಿದಳು ಎಂದು ಅವರನ್ನು ತಬ್ಬಿಕೊಂಡು ಅತ್ತಿರಂತೆ. ‘ನನಗೆ ಅಮ್ಮ ಇಲ್ಲ, ಆವತ್ತಿಂದ ಅವರೇ ಅಮ್ಮ ಅಂದ್ಕೊಂಡಿದ್ದೆ’ ಎಂದರು.

ಆಮೇಲೆ ಒಂದೇ ಒಂದು ಮಾತು ಕೇಳಿದರು. “ಅಂಗಡಿಯಮ್ಮಂಗೆ ಇದು ಯಾವಾಗ ಗೊತ್ತಾಯ್ತು? ಆಮೇಲೆ ಯಾವಾಗ್ಲಾದ್ರೂ ಮಗ ಹೇಳಿದ್ನಾ?”

ಆಕೆ ನನ್ನಿಂದ ಏನು ಕೇಳಲು ಬಯಸುತ್ತಿದ್ದಾರೆ ಎಂದು ಮುಖದಲ್ಲೇ ಕಾಣುತ್ತಿತ್ತು. ಹೌದು, ಆಮೇಲೆ ಹೇಳಿರಬೇಕು ಎಂದಿದ್ದರೆ ಸಾಕಿತ್ತು. ಗೊತ್ತಿಲ್ಲ ಎಂದಿದ್ದರೂ ಸಾಕಿತ್ತು. ಆ ಊಟ, ಆ ಅಳು ಎಲ್ಲ ಅವರ ಪಾಲಿಗೆ ನಿಜವಾಗಿಯೇ ಉಳಿಯುತ್ತಿತ್ತು. ನಿಮಗೂ ಒಬ್ಬ ಮಗಳು ಉಳಿಯುತ್ತಿದ್ದಳು. ಹಾಗೆ ಹೇಳಿಬಿಡಲೇ ಎಂದು ನಾನು ಯೋಚಿಸಿದ್ದು ನಿಜ.

“ಪಕ್ಕದಲ್ಲೇ ಕೂತಿದ್ರು. ಆವತ್ತೇ ಗೊತ್ತಿತ್ತು” ಎಂದೆ.

ಆಕೆ ತಲೆಯಾಡಿಸಿದರು. ಗಂಡನ ಕೈ ಹಿಡಿದು ಎಬ್ಬಿಸಿದರು.

ಇದನ್ನು ನಿಮ್ಮ ಬಾಯಿಂದಲೇ ಕೇಳಲು ಭಾನುವಾರ ಬೆಳಿಗ್ಗೆ ಇಬ್ಬರೂ ನಿಮ್ಮ ಮನೆಗೆ ಬರುತ್ತಾರಂತೆ. ನಿಮಗೆ ತಿಳಿಸು ಎಂದು ನನಗೆ ಹೇಳಲಿಲ್ಲ, ನಾನಾಗಿಯೇ ತಿಳಿಸುತ್ತಿದ್ದೇನೆ. ಮಗನನ್ನು ಮುಂದೆ ಬಿಟ್ಟು ಒಳಗೆ ಕೂರಬೇಡಿ. ನೀವೇ ಬಾಗಿಲು ತೆಗೆಯಿರಿ.

ಫಾರ್ಮಸಿಸ್ಟ್, ಸರಿಮಾತ್ರೆ